ಸೆವಿಲ್ಲಾ ಮಾದರಿಯಲ್ಲಿ ಇಳಕಲ್ಲ ಸುತ್ತಿದ್ದು

ಬಾಗಲಕೋಟೆಯಲ್ಲಿ ಸೈಕಲ್ಲುಗಳು ಒಂದು ಕೈಯ ಬೆರಳಿನಷ್ಟೂ ಇಲ್ಲದಿದ್ದ ಕಾಲದಲ್ಲಿ ನನ್ನ ಬಳಿ ಒಂದು ಸೈಕಲ್ಲಿತ್ತು. ಇಷ್ಟು ಹೇಳಿದರೆ ನನ್ನ ಸೊಕ್ಕು ಎಷ್ಟಿತ್ತೆಂಬುದು ನಿಮಗೆ ತಿಳಿದಿರಬೇಕು. ನಾನು ಸಾಲೆಯ ಮಾಸ್ತರ. ಕಲಿಸುತ್ತಿದ್ದುದು ಗಣಿತ ಮತ್ತು ಭೂಗೋಳ. ಸೈಕಲ್ಲು ಹತ್ತುವುದನ್ನು ಒಂದೇ ವಾರದಲ್ಲಿ ಕಲಿತಿದ್ದೆ. ಇಳಿಯುವುದನ್ನು ಇನ್ನೂ ಕಲಿತಿರಲಿಲ್ಲ. ಆದರೇನು, ಹತ್ತಿದವನಿಗೆ ಒಂದಿಲ್ಲೊಂದು ಗೋಡೆ ಸಿಕ್ಕೇ ಸಿಗುತ್ತದೆ ಎಂಬ ದೃಢ ವಿಶ್ವಾಸ ನನಗಿತ್ತು!

ನನ್ನ ಹೆಂಡತಿ ನೀಲವ್ವನಿಗೆ ಒಬ್ಬನೇ ತಮ್ಮ, ಈರಪ್ಪ. ಹೆತ್ತವರು ಬೇಗ ತೀರಿಹೋದದ್ದರಿಂದ ಅವನು ನಮ್ಮಲ್ಲೇ ಬೆಳೆದು, ಹತ್ತಿಯ ದಲಾಲಿ ನಡೆಸುವ ಅಡತಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಹೀಗಾಗಿ ಅವನ ಪಾಲಿನ ಹಿರಿಯ ನಾನೇ. ಪಾಪ, ಬೇರೆ ಯಾರೂ ಇರಲಿಲ್ಲ. ಮಾತು ಬಲು ಕಡಿಮೆಯ ಹುಡುಗ. ಬಾದಾಮಿಯ ಹೊಂಡದ ಮೆಟ್ಟಿಲ ಮೇಲೆ ಕೊಡ ಹೊತ್ತು ಬರುತ್ತಿದ್ದ ಗೌರವ್ವನನ್ನು ಒಂದೇ ಒಂದು ಸಲ ನೋಡಿ ಮನೆಗೆ ಬಂದವನು, "ಆದ್ರ ಅದನ್ನ ಆಗ್ತೇನಿ, ಇಲ್ಲಾಂದ್ರ ಹಿಂಗ ಇರ್ತೇನಿ" ಎಂದುಬಿಟ್ಟ. ಅವನ ಜನ್ಮದಲ್ಲೇ ಅಷ್ಟು ದೊಡ್ಡ ಭಾಷಣ ಅದೊಂದೇ.

ಗೌರವ್ವನ ತಂದೆ ಮಾತಿಗೆ ಬಿಗಿಯಾದ ಮನುಷ್ಯ. "ಇನ್ನ ಹದಿನೈದು ದಿನಕ್ಕ ಸೋಮವಾರ ಇಳಕಲ್ಲ ಸೀರಿ ತಂದು ಉಡಸ್ರಿ, ಸಕ್ರಿ ತಿನ್ರಿ, ಮಾತು ಮುಗೀತು" ಎಂದು ಹೇಳಿ ಕಳಿಸಿದ್ದರು. ನಮ್ಮ ಜನರಲ್ಲಿ ಸಂಬಂಧ ಗಟ್ಟಿಯಾಗಲು ಕಾಗದ, ಸಹಿ, ಶಿಕ್ಕೆ ಯಾವುದೂ ಬೇಡ. ಗಂಡಿನ ಕಡೆಯ ಹಿರಿಯ ತಂದ ಸೀರೆಯನ್ನು ಹುಡುಗಿ ಉಡಬೇಕು, ಹುಡುಗಿಯ ಮನೆಯ ಸಕ್ಕರೆಯನ್ನು ಆ ಹಿರಿಯ ಬಾಯಿಗೆ ಹಾಕಿಕೊಳ್ಳಬೇಕು. ಅಷ್ಟಾದ ಮೇಲೆ ಹಿಂದೆ ಸರಿದವನ ಮನೆತನಕ್ಕೆ ನಾಲ್ಕೂ ದಿಕ್ಕಿನಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ. ಇದು ಎಳೆಯ ಕೂಸಿಗೂ ಗೊತ್ತಿದ್ದ ಸಂಗತಿ. ನನಗೂ ಗೊತ್ತಿತ್ತು. ಗೊತ್ತಿದ್ದೂ ಮಾಡಿದ್ದಕ್ಕೇ ಈ ಕಥೆ.

ಇದಕ್ಕೆಲ್ಲ ಮೂಲ ಸ್ಪೇನ್ ದೇಶ.

ಈರಪ್ಪನ ಅಂಗಡಿಗೆ ಹತ್ತಿಯ ಮಾದರಿಯನ್ನು ಸುತ್ತಿಕೊಂಡು ಯಾವುದೋ ವಿಲಾಯತಿ ಮಾಸಿಕದ ನಾಲ್ಕು ಹಾಳೆಗಳು ಬಂದಿದ್ದವು. ಇಂಗ್ಲಿಷಿನಲ್ಲಿವೆ ಎಂದು ಅವನು ನನಗೆ ತಂದುಕೊಟ್ಟ. ಒಬ್ಬ ಬಿಳಿ ದೊರೆ ಸ್ಪೇನಿನ ಸೆವಿಲ್ಲಾ ಎಂಬ ಊರನ್ನು ಸೈಕಲ್ಲಿನ ಮೇಲೆ ಸುತ್ತಿ, ಓಣಿಗೊಂದು ತಿನಿಸು ತಿಂದು, ತಿಂದದ್ದನ್ನೆಲ್ಲ ಬರೆದಿದ್ದ. ಒಂದು ಓಣಿಯಲ್ಲಿ ಕರಿದ ಮೀನಂತೆ, ಇನ್ನೊಂದರಲ್ಲಿ ಉಪ್ಪಿನಲ್ಲಿಟ್ಟ ಯಾವುದೋ ಕಾಯಂತೆ, ಕಿತ್ತಳೆ ಗಿಡದ ನೆರಳಲ್ಲಿ ವಿಶ್ರಾಂತಿಯಂತೆ. ಆ ಊರಿನ ಹೆಂಗಸರು ಅವನಿಗೆ ತಮ್ಮ ಹೂವಿನ ಶಾಲುಗಳನ್ನು ಹೊದ್ದು ತೋರಿಸಿದರಂತೆ. "ಊರನ್ನು ತಿಳಿಯಲು ಎರಡೇ ಸಾಧನ: ಎರಡು ಗಾಲಿ, ಒಂದು ಹೊಟ್ಟೆ" ಎಂದು ಅಪ್ಪಣೆ ಕೊಡಿಸಿದ್ದ. ಒಬ್ಬ ಮನುಷ್ಯ ಉಂಡದ್ದನ್ನು ಅಚ್ಚು ಹಾಕಿಸುತ್ತಾರೆ, ಅದನ್ನು ಇನ್ನೊಬ್ಬ ಓದುತ್ತಾನೆ! ನನಗೆ ಮೊದಲು ತಿರಸ್ಕಾರ ಬಂತು. ಆಮೇಲೆ ನನ್ನ ಹತ್ತಿರವೂ ಎರಡು ಗಾಲಿ, ಒಂದು ಹೊಟ್ಟೆ ಇದ್ದದ್ದು ನೆನಪಾಯಿತು.

"ಸೀರಿ ತರಾಕ ನಾ ಹೋಗ್ತೇನಿ, ಸೈಕಲ್ ಮ್ಯಾಲೆ," ಎಂದೆ ಹೆಂಡತಿಗೆ. "ಸೆವಿಲ್ಲಾ ಹೆಂಗ ನೋಡ್ಯಾರೋ ಹಂಗ ಇಳಕಲ್ಲ ನೋಡಿ, ಒಂದು ಲೇಖನ ಬರೀತೇನಿ."

"ಸೆವಿಲ್ಲಾ ಅಂದ್ರ ಏನ್ರಿ?"

"ಊರು."

"ಅಲ್ಲಿ ಸೀರಿ ನೇಯ್ತಾರೇನು?"

"ಇಲ್ಲ."

"ಹಂಗಾರ ಅದನ್ನ ತಗೊಂಡು ನಾವೇನು ಮಾಡೂದೈತಿ? ನೋಡ್ರಿ, ದಾಳಿಂಬರ ಬಣ್ಣದ್ದು, ಪರಾಸಪೇಟ ದಡಿ, ಕೆಂಪು ಸೆರಗು. ಸೀರಿ ತಗೋರಿ, ಹೊಳ್ಳಿ ಬರ್ರಿ. ನಡುವ ಏನೂ ಮಾಡಬ್ಯಾಡ್ರಿ."

ಏನೂ ಮಾಡಬ್ಯಾಡ್ರಿ! ಭೂಗೋಳದ ಮಾಸ್ತರನಿಗೆ ಹೇಳುವ ಮಾತೇ ಇದು? ಹೆಂಗಸರ ದೃಷ್ಟಿ ಸೀರೆಯ ದಡಿ ದಾಟಿ ಆಚೆ ಹೋಗುವುದಿಲ್ಲ ಎಂದು ಮನಸ್ಸಿನಲ್ಲೇ ಮರುಗುತ್ತ ಒಂದು ನೋಟುಬುಕ್ಕು, ಎರಡು ಪೆನ್ಸಿಲು ಚೀಲದಲ್ಲಿ ಹಾಕಿಕೊಂಡೆ. ಈರಪ್ಪ ಸೈಕಲ್ಲಿನ ಗಾಳಿ ನೋಡಿ, ಸರಪಳಿಗೆ ಎಣ್ಣೆ ಬಿಟ್ಟು, ಬಾಗಿಲ ತನಕ ಬಂದು ನಿಂತ. "ಮಾವ, ಸಾವಕಾಶ" ಎಂದಷ್ಟೇ ಅಂದ. ಆ ಹುಡುಗನ ಜೀವವೆಲ್ಲ ಆ ಸೀರೆಯ ಮೇಲಿತ್ತು.

ಪ್ರವಾಸದ ಮೊದಲ ಭಾಗವನ್ನು ಸಂಕ್ಷೇಪವಾಗಿ ಹೇಳುತ್ತೇನೆ, ಅದರಲ್ಲಿ ನನ್ನ ಮರ್ಯಾದೆಗೆ ಪೋಷಕವಾದದ್ದು ಏನೂ ಇಲ್ಲ. ಶಿರೂರಿನಲ್ಲಿ ಕಣಿಕೆಯ ಬಣವೆಯೊಂದಕ್ಕೆ ನುಗ್ಗಿ ಇಳಿದೆ. ಬಣವೆಯ ಒಡೆಯ ಬೈಯಲಿಲ್ಲ. "ಎತ್ತಿನಕಿಂತ ಜೋರ ಬರತೈತಿ, ಆದ್ರ ನಿಂದ್ರಾಂಗಿಲ್ಲ" ಎಂದು ಸೈಕಲ್ಲಿಗೆ ಮಾತ್ರ ಮರ್ಯಾದೆ ಕೊಟ್ಟ. ಅಮೀನಗಡದಲ್ಲಿ ಕರದಂಟು ತಿಂದು "ಅಂಟು ಗಟ್ಟಿ, ಹಲ್ಲು ಅಷ್ಟು ಗಟ್ಟಿಯಿಲ್ಲ" ಎಂದು ಬರೆದುಕೊಂಡೆ. ಹುನಗುಂದದ ಖಾನಾವಳಿಯಲ್ಲಿ ಝುಣಕ-ರೊಟ್ಟಿ ತಿಂದು ಒಂದು ಪುಟ ಬರೆದೆ. ಕೋರ್ಟಿಗೆ ಬಂದ ಪಕ್ಷಗಾರನೊಬ್ಬ ನಾನು ಊಟ ಮಾಡುತ್ತ ಬರೆಯುವುದನ್ನು ನೋಡಿ, ಯಾರ ಮೇಲಿನ ಫಿರ್ಯಾದಿ ಎಂದು ಕೇಳಿದ. ಇಂಥ ಅಜ್ಞಾನಿಗಳಿಗೆ ಸೆವಿಲ್ಲಾ ಹೇಗೆ ತಿಳಿಸಬೇಕು?

ಮರುದಿನ ಬೆಳಗಾಗಿ ಸ್ವಲ್ಪ ಹೊತ್ತಿಗೆ ಇಳಕಲ್ಲ ಸೇರಿದೆ. ನೇಕಾರರ ಓಣಿಯಲ್ಲಿ ಬೀದಿಯುದ್ದಕ್ಕೂ ಹಾಸಿನ ನೂಲನ್ನು ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ಆ ಬಣ್ಣದ ನೂಲು ಬಿಸಿಲಲ್ಲಿ ಹೊಳೆಯುವುದನ್ನು ನೋಡಿ "ಆಹಾ!" ಎಂದೆ. ಆಹಾ ಅನ್ನುವುದರೊಳಗೆ ನೂಲು ಹತ್ತಿರ ಬಂದಿತ್ತು. "ಏಯ್, ಏಯ್, ಇಳೀರಿ!" ಎಂದು ಎಲ್ಲರೂ ಕೂಗಿದರು. ಇಳಿಯಲು ಬರುತ್ತಿದ್ದರೆ ನಾನು ಶಿರೂರಿನಲ್ಲೇ ನೆಟ್ಟಗೆ ಇಳಿಯುತ್ತಿರಲಿಲ್ಲವೇ? ಕೈಹಿಡಿಯನ್ನು ಹೊರಳಿಸಿದೆ. ಒಬ್ಬ ನೇಕಾರನ ತಿಂಗಳ ದುಡಿಮೆ ಉಳಿಯಿತು. ಅವನ ಗಂಜಿಯ ಕೊಪ್ಪರಿಗೆಯಲ್ಲಿ ನಾನು ಕೂತಿದ್ದೆ! ದೊರೆ ಇಳಿದದ್ದು ಕಿತ್ತಳೆಯ ನೆರಳಿಗೆ. ಅವರವರ ಹಣೆಬರಹ.

ನೇಕಾರ ಒಳ್ಳೆಯವನು. ನನ್ನನ್ನು ಎತ್ತಿ ಕಟ್ಟೆಯ ಮೇಲೆ ಕೂಡಿಸಿದ, ನೀರು ಕೊಟ್ಟ, ನೀಲವ್ವ ಹೇಳಿದಂಥದೇ ಸೀರೆಯನ್ನೂ ತೋರಿಸಿದ. ತಗೊಂಡೆ. ಈ ಹೊತ್ತಿಗೆ ಬಿಸಿಲೇರಿ ಮೈಮೇಲಿನ ಗಂಜಿ ಒಣಗಿ, ನನ್ನ ಧೋತರ, ಅಂಗಿ, ರುಮಾಲು ಎಲ್ಲವೂ ಸೆಟೆದು ನಿಂತವು. ಕೂತರೆ ಕರಕರ, ಎದ್ದರೆ ಕರಕರ. ಅಪರಿಚಿತರ ಕಣ್ಣಿಗೆ ನಾನು ಯಾವುದೋ ಭಾರಿ ಮನೆತನದ ಯಜಮಾನನಂತೆ ಕಂಡಿರಬೇಕು. ಅಷ್ಟು ಖಡಕ್ಕಾಗಿ ಅರಿವೆ ತೊಟ್ಟವರು ಆ ಓಣಿಗೆ ಬಂದದ್ದು ಅಪರೂಪ.

"ಬರೇ ಸೀರಿಗೆ ಬಂದೀರೇನ್ರಿ, ಮತ್ತೇನರ ಕೆಲಸ ಐತೇನ್ರಿ?" ಎಂದು ನೇಕಾರ ಕೇಳಿದ.

ನಾನು ನೋಟುಬುಕ್ಕು ತೆಗೆದೆ. "ನೋಡಾಕ ಬಂದೇನಿ. ಮನಿ ಮನಿ ಹೊಕ್ಕು ನೋಡೂದೈತಿ. ನೋಡಿದ್ದನ್ನೆಲ್ಲ ಬರಕೊಳ್ಳೂದೈತಿ."

"ಹೌದ್ರಿ?" ನೇಕಾರ ನೆಟ್ಟಗಾದ. "ಈ ಸೀರಿ ಯಾರ ಕಡೇದ್ರಿ?"

"ನನ್ನ ಹೆಂಡತಿ ತಮ್ಮನ ಲಗ್ನದ್ದು. ಅವಗ ಹಿರೇರಂದ್ರ ನಾನ ಒಬ್ಬಾಂವ. ಹುಡುಗ ಅಡತಿ ಅಂಗಡ್ಯಾಗ ಅದಾನ. ಭಾಳ ಕಡಿಮಿ ಮಾತಿನವ, ಚಟ-ಗಿಟ ಏನೂ ಇಲ್ಲ."

ಈಗ ನೀವೇ ಹೇಳಿ. ಸೀರೆ ಹಿಡಿದುಕೊಂಡು, ಲಗ್ನಕ್ಕೆ ಬಂದ ಹುಡುಗನ ಗುಣ ವರ್ಣಿಸುತ್ತ, ಮನೆ ಮನೆ ಹೊಕ್ಕು "ನೋಡಾಕ" ಬಂದವನು ನಮ್ಮ ಸೀಮೆಯಲ್ಲಿ ಏನನ್ನು ನೋಡಲು ಬಂದಿರುತ್ತಾನೆ? ಕತ್ತೆಗೂ ತಿಳಿಯುತ್ತಿತ್ತು. ಆದರೆ ಕತ್ತೆ ವಿಲಾಯತಿ ಮಾಸಿಕ ಓದಿರುವುದಿಲ್ಲ.

"ಹಂಗಾರ ಮೂರನೇ ಓಣ್ಯಾಗ ನೂಲಿನ ವ್ಯಾಪಾರದ ಚನ್ನಪ್ಪಣ್ಣನ ಮನಿಗೆ ಹೋಗ್ರಿ," ಎಂದ ನೇಕಾರ, ದನಿ ತಗ್ಗಿಸಿ. "ನಿಮ್ಮ ಪೈಕಿನ ಅದಾರ. ಅಲ್ಲೊಂದು ಭಾಳ ಚಲೋದು ಐತಿ. ನೋಡಿದ್ರ ಬಿಡೂದಿಲ್ರಿ ನೀವು. ಈಗ ನಾನ ಹೇಳಿ ಕಳಸ್ತೇನಿ."

ನಮ್ಮ ಕಡೆ ಮನೆಯ ಹೆಣ್ಣುಮಗಳನ್ನು ಮುದ್ದಿನಿಂದ "ಅದು, ಇದು" ಅನ್ನುತ್ತೇವೆ. ಈರಪ್ಪ ಕೂಡ ಗೌರವ್ವನನ್ನು ಅದು ಎಂದೇ ಅಂದಿದ್ದನಲ್ಲ. ಹುಟ್ಟಿದಾಗಿನಿಂದ ನಾನೂ ಹಾಗೇ ಮಾತಾಡಿದವನು. ಆದರೂ ನಾನು ನೋಟುಬುಕ್ಕಿನಲ್ಲಿ ಬರೆದದ್ದು ಹೀಗೆ: "ಮೂರನೆಯ ಓಣಿ. ತಿಂದರೆ ಬಿಡಲಾಗದಂಥ ತಿನಿಸು. ಹೆಸರು ಕೇಳಬೇಕು."

ಒಂದೆರಡು ತಾಸು ಪೇಟೆಯಲ್ಲಿ ಅಡ್ಡಾಡಿ, ಚುರುಮುರಿ, ಭಜಿಗಳ ವಿಷಯದಲ್ಲಿ ಎರಡು ಪುಟ ಮುಗಿಸಿ ಮೂರನೆಯ ಓಣಿಗೆ ಹೋದೆ. ಚನ್ನಪ್ಪಣ್ಣ ಬಾಗಿಲಲ್ಲೇ ನಿಂತಿದ್ದರು. ಅಂಗಳ ಸಾರಿಸಿ ರಂಗೋಲಿ ಹಾಕಿತ್ತು. ಸೈಕಲ್ಲನ್ನು ಈ ಸಲ ದೂಡಿಕೊಂಡೇ ಹೋಗಿದ್ದೆ, ಆದ್ದರಿಂದ ಇಳಿಯುವ ಪ್ರಶ್ನೆ ಬರಲಿಲ್ಲ. ಅವರು ಕಾಲಿಗೆ ನೀರು ಕೊಟ್ಟು ಕಂಬಳಿಯ ಮೇಲೆ ಕೂಡಿಸಿ, "ನಿಮ್ಮ ಹಾದೀನ ಕಾಯಕತ್ತಿದ್ವಿ" ಎಂದರು. ಅತಿಥಿಸತ್ಕಾರದಲ್ಲಿ ಇಳಕಲ್ಲ ಸೆವಿಲ್ಲಾವನ್ನು ಸೋಲಿಸಿತು ಎಂದು ಅಲ್ಲೇ ಬರೆದುಕೊಂಡೆ. ಚನ್ನಪ್ಪಣ್ಣನ ಹೆಂಡತಿ ಗಂಗವ್ವ ಅದನ್ನು ನೋಡಿ ಗಂಡನಿಗೆ ಕಣ್ಣಿನಲ್ಲೇ ಏನೋ ಹೇಳಿದರು.

ತಾಟು ಬಂತು. ಬಿಳಿ ಜೋಳದ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು, ಮತ್ತು ಅಂಗೈಯಗಲದ ಶೇಂಗಾ ಹೋಳಿಗೆ. ಮೇಲೆ ತುಪ್ಪ. ಬಡಿಸಿದ್ದು ಒಂದು ಹುಡುಗಿ. ಬಳೆಯ ಸದ್ದಿನಿಂದ ಹುಡುಗಿ ಎಂದು ತಿಳಿದೆನೇ ಹೊರತು ತಲೆ ಎತ್ತಿ ನೋಡಿ ಅಲ್ಲ. ನನಗೆ ಆಗ ತಲೆ ಎತ್ತಲು ಪುರಸೊತ್ತಿರಲಿಲ್ಲ.

"ಇದು ನಮ್ಮ ಮನ್ಯಾಗ ಭಾಳ ಜ್ವಾಕಿಲೆ ಬೆಳೆದದ್ರಿ," ಎಂದರು ಗಂಗವ್ವ.

ನಾನು ಬದನೆಕಾಯಿಯನ್ನು ಎತ್ತಿ ನೋಡಿದೆ. "ಹೌದ್ರಿ? ಬಣ್ಣ ಭಾಳ ಚಲೋ ಐತಿ."

"ಬಣ್ಣ ನನ್ನದ ಬಂದೈತ್ರಿ," ಎಂದು ಗಂಗವ್ವ ನಾಚಿ ನಕ್ಕರು.

ಬದನೆಕಾಯಿಗೆ ಇವರ ಬಣ್ಣ ಹೇಗೆ ಬಂತೆಂದು ನಾನು ವಿಚಾರ ಮಾಡಬಹುದಿತ್ತು. ಬಾಯಿ ತುಂಬಿತ್ತು.

ಐದು ಹೋಳಿಗೆಗಳಾದ ಮೇಲೆ ಚನ್ನಪ್ಪಣ್ಣ ಮುಂದೆ ಸರಿದು ಕೂತು, ಕೈ ಜೋಡಿಸಿ ಕೇಳಿದರು. "ಹಂಗಾರ... ಪಸಂದ ಆತೇನ್ರಿ?"

"ಪಸಂದ!" ಎಂದೆ ನಾನು, ಆರನೆಯದನ್ನು ಮುರಿಯುತ್ತ. "ಏನ್ ಕೇಳ್ತೀರಿ! ಇಂಥಾದ್ದು ಬಾಗಲಕೋಟಿಯಾಗ ದೀಪ ಹಚಗೊಂಡು ಹುಡುಕಿದ್ರೂ ಸಿಗೂದಿಲ್ಲ. ಇನ್ನೊಂದಿದ್ರ ಅದನ್ನೂ ತರ್ರಿ!"

ಮನೆಯೆಲ್ಲ ನಕ್ಕಿತು. ಅಡುಗೆಮನೆಯಿಂದಲೂ ನಗು ಬಂತು. "ಇನ್ನೊಂದು ಸಣ್ಣದೈತ್ರಿ, ಅದಕ ಇನ್ನೂ ಯಾಳೇ ಐತಿ," ಎಂದರು ಗಂಗವ್ವ. ಹಂಚಿನ ಮೇಲಿರಬೇಕೆಂದು ತಿಳಿದು, "ಇರಲಿ, ಕಾಯ್ತೇನಿ" ಎಂದೆ. ಮತ್ತೆ ನಗು. ಇಷ್ಟು ರಸಿಕ ಜನರನ್ನು ನಾನು ಕಂಡಿರಲಿಲ್ಲ.

"ಸೀರಿ ತಂದೀರಂತಲ್ರಿ?" ಎಂದರು ಚನ್ನಪ್ಪಣ್ಣ. ಹೆಮ್ಮೆಯಿಂದ ಬಿಚ್ಚಿ ತೋರಿಸಿದೆ. ಗಂಗವ್ವ ಅದನ್ನು ಕಣ್ಣಿಗೊತ್ತಿಕೊಂಡು ಒಳಗೆ ಒಯ್ದರು. ಸ್ವಲ್ಪ ಹೊತ್ತಿಗೆ ಹುಡುಗಿ ಆ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಬಂದು ನಿಂತಳು. ನನ್ನ ಎದೆ ಉಬ್ಬಿತು. ಸೆವಿಲ್ಲಾದ ಹೆಂಗಸರು ದೊರೆಗೆ ಶಾಲು ಹೊದ್ದು ತೋರಿಸಲಿಲ್ಲವೇ? ಇದೇ ಅದು! "ಉಟ್ಟು ತೋರಿಸುವ ಪದ್ಧತಿ ಇಲ್ಲಿಯೂ ಉಂಟು" ಎಂದು ಬರೆಯುತ್ತಿದ್ದಾಗ ಚನ್ನಪ್ಪಣ್ಣ ಬೆಳ್ಳಿಯ ಬಟ್ಟಲು ಮುಂದೆ ಹಿಡಿದರು. ಅದರಲ್ಲಿದ್ದುದು ಸಕ್ಕರೆ. ಊಟದ ಕೊನೆಗೆ ಸಕ್ಕರೆ ಕೊಡುತ್ತಾರೆಂದು ಬರೆದುಕೊಂಡು, ಒಂದು ಚಿಟಿಕೆಯಲ್ಲ, ಮೂರು ಚಿಟಿಕೆ ಬಾಯಿಗೆ ಹಾಕಿಕೊಂಡೆ.

"ತಗೋರಿ ಬೀಗರ, ಇನ್ನೊಂದೀಟು ತಗೋರಿ!" ಎಂದು ಚನ್ನಪ್ಪಣ್ಣ ನನ್ನನ್ನು ಅಪ್ಪಿಕೊಂಡರು. ಗಂಜಿ ಕರಕರ ಎಂದಿತು.

ಬೀಗರ!

ಸೆವಿಲ್ಲಾ ನನ್ನ ತಲೆಯಿಂದ ಒಂದೇ ಏಟಿಗೆ ಇಳಿಯಿತು. ಅದಕ್ಕೆ ಇಳಿಯಲು ಚೆನ್ನಾಗಿ ಬರುತ್ತಿತ್ತು. ಎದುರಿಗೆ ಸೀರೆ ಉಟ್ಟ ಹುಡುಗಿ, ಬಾಯಲ್ಲಿ ಕರಗುತ್ತಿದ್ದ ಸಕ್ಕರೆ, ಗೋಡೆಯ ಗುಂಟ ನಿಂತು ನಗುತ್ತಿದ್ದ ನೆರೆಹೊರೆಯವರು. ಉಗುಳಲೇ, ನುಂಗಲೇ? ನುಂಗಿದೆ. ಇದು ತಪ್ಪಾಗಿದೆ, ನಾನು ಹುಡುಗಿ ನೋಡಲು ಬಂದವನಲ್ಲ, ಹೋಳಿಗೆ ತಿನ್ನಲು ಬಂದವನು ಎಂದು ಆಗಲೇ ಹೇಳಬೇಕಾಗಿತ್ತು. ಗಂಡಸಾದವನು ಹೇಳುತ್ತಿದ್ದ. ನಾನು, "ಹಿರೇರನ್ನ ಕೇಳಿ ಹೇಳ್ತೇನ್ರಿ" ಎಂದೆ.

"ನಿಮ್ಮ ಬಿಟ್ರ ಹುಡುಗಗ ಬ್ಯಾರೆ ಹಿರೇರ ಯಾರ ಅದಾರ್ರಿ?" ಎಂದರು ಚನ್ನಪ್ಪಣ್ಣ.

ಯಾರೂ ಇರಲಿಲ್ಲ. ಹೊರಗೆ ಬಂದರೆ ನನ್ನ ಸೈಕಲ್ಲಿಗೆ ಅರಿಷಿಣ-ಕುಂಕುಮ ಹಚ್ಚಿ, ಕೈಹಿಡಿಗೆ ಹೂವಿನ ಸರ ಕಟ್ಟಿದ್ದರು. ಹತ್ತಿದವನು ಹುನಗುಂದದ ತನಕ ಹಿಂದೆ ನೋಡಲಿಲ್ಲ. ಹಾದಿಯುದ್ದಕ್ಕೂ ಹೂವಿನ ಸರ ನೋಡಿದವರೆಲ್ಲ "ಏನ್ರಿ, ಲಗ್ನಾ ಗಟ್ಟಿ ಆತೇನ್ರಿ?" ಎಂದು ಕೂಗಿ ಕೇಳಿದರು. ಮರುದಿನ ಅಮೀನಗಡ ಬಂತು. ಕರದಂಟು ತಿನ್ನದೆ ಮುಂದೆ ಹೋದೆ. ನನ್ನ ದುಃಖದ ಆಳವನ್ನು ಇದರಿಂದ ಅಳೆದುಕೊಳ್ಳಿರಿ.

ಮನೆಯ ಗೋಡೆಗೆ ತಾಗಿ ಇಳಿದಾಗ ನೀಲವ್ವ ಬಾಗಿಲಿಗೆ ಬಂದಳು.

"ಸೀರಿ ಎಲ್ಲೈತ್ರಿ?"

"ಉಟ್ಟಾರ."

"ಯಾರು?"

"ಒಂದು ಹುಡುಗಿ."

"ಯಾವ ಹುಡುಗಿ?"

"ಹೆಸರು ಕೇಳಲಿಲ್ಲ. ಹೋಳಿಗಿ ಭಾಳ ಚಲೋ ಮಾಡತೈತಿ."

ನೀಲವ್ವ ಹೊಸ್ತಿಲ ಮೇಲೆ ಕೂತುಬಿಟ್ಟಳು. ನಾನು ಎಲ್ಲವನ್ನೂ ಹೇಳಿದೆ. ಸಕ್ಕರೆಯ ಮಾತಿಗೆ ಬಂದಾಗ ಒಂದು ಚಿಟಿಕೆ ಎಂದೆ, ಮೂರು ಎಂದು ಹೇಳಲು ಧೈರ್ಯವಾಗಲಿಲ್ಲ. ಈರಪ್ಪ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ. ಅವನು ಬೈದಿದ್ದರೆ ನಾನು ಬದುಕುತ್ತಿದ್ದೆ. ಬಂದು ಸೈಕಲ್ಲಿನ ಹೂವಿನ ಸರ ಬಿಚ್ಚಿ, ತುಳಿಯಬಾರದೆಂದು ದೀಪದ ಮಾಡದಲ್ಲಿಟ್ಟು, ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವತ್ತು ಉಣ್ಣಲಿಲ್ಲ, ಮರುದಿನವೂ ಉಣ್ಣಲಿಲ್ಲ. ಮಾತು ಬಾದಾಮಿಗೆ ಮುಟ್ಟಿದರೆ ಗೌರವ್ವನ ತಂದೆ ಒಂದು ಗಳಿಗೆ ಕಾಯುತ್ತಿರಲಿಲ್ಲ. ಇತ್ತ ಇಳಕಲ್ಲಿನವರಿಗೆ ಇಲ್ಲವೆಂದರೆ ಯಾವ ತಪ್ಪೂ ಮಾಡದ ಒಂದು ಹುಡುಗಿಯ ಹೆಸರು ಕೆಡುತ್ತಿತ್ತು. ನನಗೆ ನನ್ನ ಮುಖ ನೋಡಿಕೊಳ್ಳಲು ಹೇಸಿಗೆಯಾಯಿತು. ಅಂಥ ಹೊತ್ತಿನಲ್ಲಿಯೂ ನನಗೆ ಹಸಿವೆಯಾಗುತ್ತಿತ್ತು, ಅದು ಇನ್ನೂ ದೊಡ್ಡ ಹೇಸಿಗೆ.

"ನಾನು ಹೋಗಿ ಕಾಲು ಹಿಡೀತೇನಿ," ಎಂದೆ.

"ನೀವು ಎಲ್ಲೂ ಹೋಗಬ್ಯಾಡ್ರಿ," ಎಂದಳು ನೀಲವ್ವ. ಎತ್ತಿನ ಗಾಡಿ ಹೂಡಿಸಿ, ತಾನೇ ಇಳಕಲ್ಲಿಗೆ ಹೋದಳು.

ಐದು ದಿನ ನಾನು ಬಾಗಿಲು ಕಾದೆ. ಸಾಲೆಯಲ್ಲಿ ಯುರೋಪಿನ ನಕಾಶೆ ತೂಗುಹಾಕಲಿಲ್ಲ. ಆರನೆಯ ದಿನ ಗಾಡಿ ಬಂತು. ನೀಲವ್ವ ಇಳಿದಳು. ಕೈಯಲ್ಲಿ ಸೀರೆಯ ಗಂಟು!

"ಏನಾತು?" ಎಂದು ಓಡಿದೆ. ಈರಪ್ಪನೂ ಎದ್ದು ಬಂದಿದ್ದ.

"ನಾ ಬಾಯಿ ತಗಿಯೂದ್ರಾಗ ಚನ್ನಪ್ಪಣ್ಣ ತಾವ ಕೈ ಮುಗದ್ರು," ಎಂದಳು ನೀಲವ್ವ, ತಮ್ಮನ ಕಡೆ ನೋಡುತ್ತ. "'ತಪ್ಪು ತಿಳೀಬ್ಯಾಡ ತಂಗೀ, ನಮ್ಮ ಹುಡುಗಿ ಒಲ್ಲೆ ಅಂತೈತಿ, ಮೂರು ದಿನಾ ಆತು ಅದರ ಜೋಡಿ ಗುದ್ದ್ಯಾಡಾಕತ್ತು' ಅಂದ್ರು. ನಾ ಖರೆ ಮಾತು ಹೇಳಿದೆ. ಎಲ್ಲಾರೂ ಸಮಾಧಾನ ಆದ್ರು. ಒಮ್ಮೆ ಉಟ್ಟಿದ್ದು ಬ್ಯಾಡಂತ ಹೊಸಾ ಸೀರಿ ಕೊಟ್ಟಾರ. ಈರಪ್ಪ, ಸೋಮವಾರ ಬಾದಾಮಿಗೆ ಹೋಗೂಣು. ನಡಿ, ಉಣ್ಣು."

ಈರಪ್ಪ ಅಕ್ಕನ ಕಾಲು ಮುಟ್ಟಿ, ಕಣ್ಣೊರೆಸಿಕೊಂಡು ಒಳಗೆ ಹೋದ. ನನ್ನ ಜೀವಕ್ಕೆ ಜೀವ ಬಂತು. ಜೀವ ಬಂದದ್ದೇ ತಡ, ಅದರ ಹಿಂದೆಯೇ ಸೊಕ್ಕೂ ಬಂತು.

"ಆ ಹುಡುಗಿ ಯಾಕ ಒಲ್ಲೆ ಅಂತು?" ಎಂದೆ. "ನಮ್ಮ ಮನಿತನಕ್ಕ ಏನು ಕಡಿಮಿ ಆಗೈತಿ?"

"ನಾ ಆಕಿನ್ನ ಕೇಳಿದೆ," ಎಂದಳು ನೀಲವ್ವ. "'ಆ ಮನಷ್ಯಾ ಒಂದು ಸರ್ತೀನೂ ತಲಿ ಎತ್ತಿ ನನ್ನ ಮಾರಿ ನೋಡಲಿಲ್ರಿ. ಆತಗ ಪಸಂದ ಆಗಿದ್ದು ಹೋಳಿಗಿ, ನಾ ಅಲ್ಲ. ಅಂಥಾ ಮನಿಗೆ ನಾ ಯಾಕ ಹೋಗ್ಲಿ?' ಅಂದ್ಲು. ಭಾಳ ಶಾಣ್ಯಾ ಹುಡುಗಿ."

ನಾನು ನಗಲು ಪ್ರಯತ್ನಿಸಿದೆ. ನೀಲವ್ವ ನಗಲಿಲ್ಲ. ಸೀರೆಯನ್ನು ಟ್ರಂಕಿನಲ್ಲಿಟ್ಟು, ಮುಚ್ಚಳ ಹಾಕಿ ಚಿಲಕ ಸಿಕ್ಕಿಸಿದಳು.

"ನನ್ನ ನೋಡಾಕ ಬಂದಾಗೂ ನೀವು ತಲಿ ಎತ್ತಿರಲಿಲ್ಲ," ಎಂದಳು. "ಹುಡುಗಗ ಭಾಳ ನಾಚಿಕಿ ಅಂತ ನಾ ತಿಳಿದಿದ್ದೆ."

ನಾನು ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡೆ.

"ಅವತ್ತ ನಾ ಏನ್ ಮಾಡಿ ಬಡಿಸಿದ್ದೆ, ನೆನಪೈತೇನ್ರಿ?"

"ಗೋಧಿ ಹುಗ್ಗಿ!" ಎಂದೆ ತಟ್ಟನೆ. "ಮ್ಯಾಲೆ ಗಸಗಸಿ ಉದುರಿಸಿದ್ದಿ. ತುಪ್ಪ ಸ್ವಲ್ಪ ಕಡಿಮಿ ಇತ್ತು."

"ಸೀರಿ ಯಾವ ಬಣ್ಣದ್ದು ಉಟ್ಟಿದ್ದೆ?"

ಮದುವೆಯಾಗಿ ಹದಿನೆಂಟು ವರ್ಷವಾಗಿತ್ತು. ನಾನು ಹಸಿರು ಎಂದೆ. ಅವಳ ಮುಖ ನೋಡಿ ಕೆಂಪು ಎಂದೆ. ಆಮೇಲೆ ಒಂದೊಂದಾಗಿ, ನನಗೆ ಗೊತ್ತಿದ್ದ ಬಣ್ಣಗಳೆಲ್ಲ ಮುಗಿಯುವ ತನಕ ಹೇಳಿದೆ.